ಪುಸ್ತಕ ಉಂಡಾ?

ಉಡುಪಿಯ ಮಲ್ಪೆ ಬಂದರಿನ ಹತ್ತಿರ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ನಾನು ಟೀಚರ್. ನನ್ನ ಮಕ್ಕಳ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ನನ್ನ ಮನೆಮಾತೂ ತುಳುವೇ. ಪಾಠ ತಲೆಗೆ ಹೋಗದಿದ್ದರೆ ನಡುವೆ ತುಳು ಬಂದುಬಿಡುತ್ತದೆ. ಇದರಿಂದ ಮಕ್ಕಳಿಗೆ ಒಳ್ಳೆಯದೇ ಆಗಿದೆ ಅಂದುಕೊಂಡಿದ್ದೆ.

ಜೂನ್, ಜುಲೈಯ 61 ದಿನದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದ ವಾರವೇ ಕೊಪ್ಪಳ ಕಡೆಯ ಒಬ್ಬಳು ಹುಡುಗಿ ಬಂದು ಸೇರಿದಳು. ಅಮ್ಮನಿಗೆ ಬಂದರಿನಲ್ಲಿ ಮೀನು ಆರಿಸುವ ಕೆಲಸ.

ಮರುದಿನ ಬೆಳಿಗ್ಗೆ ಬೆಂಚಿನ ಸಾಲಿನಲ್ಲಿ ಹೋಗುತ್ತಾ ಕೇಳಿದೆ, "ಪುಸ್ತಕ ಉಂಡಾ?" ಪುಸ್ತಕ ಇದೆಯಾ ಅಂತ. ತುಳುವಿನಲ್ಲಿ ಇದ್ದರೆ 'ಉಂಡು', ಇಲ್ಲದಿದ್ದರೆ 'ಇಜ್ಜಿ'.

"ಇಲ್ರೀ ಟೀಚರ್. ಮನ್ಯಾಗ ಉಂಡಿಲ್ರೀ."

ಪುಸ್ತಕ ಮನೆಯಲ್ಲಿ ಬಿಟ್ಟು ಬಂದಿದ್ದಾಳೆ ಅಂದುಕೊಂಡು ಗದರಿದೆ. ಪಕ್ಕದ ಹುಡುಗ ಅವಳ ಚೀಲದಿಂದ ಪುಸ್ತಕ ಎಳೆದು ತೋರಿಸಿದ. ಆಗ ನನ್ನ ಮಂಡೆಗೆ ಹೊಳೆಯಿತು. ಅವಳಿಗೆ ಕೇಳಿಸಿದ್ದು ಊಟ ಮಾಡಿದೆಯಾ ಅಂತ. ಅಮ್ಮ ಕತ್ತಲಿರುವಾಗಲೇ ಬಂದರಿಗೆ ಹೋಗುತ್ತಾಳೆ. ಅವಳು ನಿಜವಾಗಿಯೂ ಉಂಡಿರಲಿಲ್ಲ.

ಇಡೀ ಕ್ಲಾಸಿನಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವಳು ಅವಳೊಬ್ಬಳೇ. ಕನ್ನಡ ಶಾಲೆಯಲ್ಲಿ ಕಂಗಾಲಾದವಳೂ ಅವಳೇ! ನಾನು "ಬಲೆ, ಬಲೆ" ಅಂತ, ಅಂದರೆ ತುಳುವಿನಲ್ಲಿ ಬನ್ನಿ ಅಂತ, ಬೋರ್ಡಿನ ಹತ್ತಿರ ಕರೆದರೆ ಉಳಿದವರು ಎದ್ದು ಬರುತ್ತಿದ್ದರು. ಇವಳು ಕಿಟಕಿಯಾಚೆ ಒಣಹಾಕಿದ ಬಲೆ ನೋಡುತ್ತಿದ್ದಳು. ನನ್ನ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ 'ಗಮನ ಕಡಿಮೆ' ಅಂತ ಬರೆದಿದ್ದೆ. ಈಗ ನೆನೆದರೆ ನಾಚಿಕೆ ಆಗುತ್ತದೆ.

ಇನ್ನೊಂದು ದಿನ ಕೇಳಿದೆ, "ಮಳೆ ಬಂದರೆ ಏನಾಗುತ್ತದೆ?" ಎಲ್ಲರೂ ಒಟ್ಟಿಗೆ, "ರಜೆ!" ತಪ್ಪೇನಿಲ್ಲ, ಜೋರು ಮಳೆಗೆ ಡಿಸಿ ರಜೆ ಕೊಡುವ ಊರು ಇದು. ಅವಳು ಮೆಲ್ಲಗೆ ಹೇಳಿದಳು, "ಬಿತ್ತಾಕ ಹೋಗ್ತಾರ್ರೀ." ಮಕ್ಕಳು ನಕ್ಕರು. ನಮ್ಮಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಸುರಿಯುತ್ತದೆ. ಅವಳ ಊರಲ್ಲಿ 600 ಬಂದರೆ ಜಾಸ್ತಿ. ಅಲ್ಲಿ ಮಳೆಗೆ ಯಾರು ರಜೆ ಕೊಡುತ್ತಾರೆ? ಅವತ್ತು ಪಾಠ ಬದಿಗಿಟ್ಟು ಬಿತ್ತುವುದು ಹೇಗೆ ಅಂತ ಅವಳಿಂದಲೇ ಹೇಳಿಸಿದೆ. ಬೀಜ ಬಿತ್ತುವ ಕೂರಿಗೆಯ ಚಿತ್ರ ಬೋರ್ಡಿನ ಮೇಲೆ ಅವಳೇ ಬರೆದಳು. ನಾನೂ ಕೂರಿಗೆ ನೋಡಿದ್ದು ಅದೇ ಮೊದಲು.

ಈಗ ನಾನು ತುಳು ಬಿಟ್ಟಿಲ್ಲ, ಬಿಡಲು ಆಗುವುದೂ ಇಲ್ಲ. ಅದೇ ಮಾತನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತೇನೆ, ಅಷ್ಟೇ. ಅವಳು ಮಾತ್ರ ಕಾಯಲಿಲ್ಲ. ಮೊನ್ನೆ ಬೋರ್ಡಿನ ಹತ್ತಿರ ಹುಡುಕಾಡಿ ಬಂದು ವರದಿ ಕೊಟ್ಟಳು:

"ಟೀಚರ್, ಚಾಕ್‌ಪೀಸ್ ಇಜ್ಜಿರೀ."