ಹಾಲ್‌ನ ಪಿಯಾನೊ: ಮಳೆಗಾಲದ ಟಿಪ್ಪಣಿ

ಜುಲೈ 11, ಚಿಕ್ಕಮಗಳೂರು

ವಾರದಿಂದ ಬಿಟ್ಟೂಬಿಡದ ಮಳೆ. ಶಾಲೆಯ ಹಾಲ್‌ನಲ್ಲಿ ಗಾಳಿಯ ತೇವ 86% ಇದೆ. ಫೆಬ್ರವರಿಯಲ್ಲಿ ಶ್ರುತಿ ಮಾಡಿದ ದಿನ 48% ಇತ್ತು.

440 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು ಮೊಣಕಾಲಿಗೆ ತಟ್ಟಿ, ಬುಡವನ್ನು ಪಿಯಾನೊದ ಮರಕ್ಕೆ ಒತ್ತಿ, ಜೊತೆಗೇ ನಡುವಿನ ‘ಎ’ ನುಡಿಸಿದೆ. ವಂವ್, ವಂವ್, ವಂವ್. ಸೆಕೆಂಡಿಗೆ ಮೂರು ಅಲೆ. ಎರಡು ನಾದಗಳ ನಡುವೆ ಎಷ್ಟು ಹರ್ಟ್ಸ್ ಅಂತರವೋ ಅಷ್ಟು ಅಲೆ. ಸ್ವರ 443ಕ್ಕೆ ಏರಿಬಿಟ್ಟಿದೆ. ಅದಕ್ಕಿಂತ ಕೆಳಗಿನ ಸ್ಥಾಯಿ ಇನ್ನೂ ಹೆಚ್ಚು ಏರಿದೆ. ತಾಮ್ರ ಸುತ್ತಿದ ಮಂದ್ರದ ತಂತಿಗಳು ಮಾತ್ರ ಅಷ್ಟಾಗಿ ಕದಲಿಲ್ಲ. ಎಲ್ಲವೂ ಒಂದೇ ಸಮ ಏರಿದ್ದರೆ ಹಾಡುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಎಡಗೈ ಬಲಗೈಗೆ ಹೊಂದುತ್ತಿಲ್ಲ.

ಅಟೆಂಡರ್ ಒಂದೇ ಮಾತಲ್ಲಿ ಹೇಳಿದರು: “ಮಳೆ ಹಿಡಿದ್ರೆ ನಮ್ಮನೆ ಹಲಸಿನ ಬಾಗ್ಲೇ ಹಾಕಕ್ಕಾಗಲ್ಲ ಮಿಸ್, ಇದೂ ಮರಾನೇ ಅಲ್ವಾ?” ನಿಜ. ತಂತಿಗಳ ಹಿಂದೆ ಸ್ಪ್ರೂಸ್ ಮರದ ತೆಳು ಸೌಂಡ್‌ಬೋರ್ಡ್, ಅಂದರೆ ನಾದ ಹಿಗ್ಗಿಸುವ ಹಲಗೆ ಇದೆ. ತೇವ ಕುಡಿದರೆ ಅದರ ಹೊಟ್ಟೆ ಉಬ್ಬುತ್ತದೆ, ತಂತಿಗಳನ್ನು ಹೊತ್ತ ಮೇಲಿನ ಮರದ ಪಟ್ಟಿಯನ್ನು (ಬ್ರಿಡ್ಜ್) ತಳ್ಳುತ್ತದೆ, ತಂತಿ ಬಿಗಿಯುತ್ತದೆ.

ಒಂದು ‘ಎಫ್’ ಕೀ ಒತ್ತಿದರೆ ಮೇಲೇಳುತ್ತಿರಲಿಲ್ಲ. ಕೀ ಕೂರುವ ಪಿನ್ನಿನ ಸುತ್ತ ಅಂಟಿಸಿದ ಉಣ್ಣೆಬಟ್ಟೆ ಉಬ್ಬಿ ಹಿಡಿದುಕೊಂಡಿತ್ತು. ಇಕ್ಕಳದಿಂದ ಬಟ್ಟೆಯನ್ನು ಮೆತ್ತಗೆ ಅದುಮಿದೆ, ಬಿಟ್ಟಿತು.

ಆಗಸ್ಟ್ 15ರೊಳಗೆ ಪೂರ್ತಿ ಶ್ರುತಿ ಮಾಡಿಕೊಡಿ ಅಂದರು ಶಾಲೆಯವರು. ಒಪ್ಪಲಿಲ್ಲ. ಸುಮಾರು 220 ತಂತಿಗಳನ್ನು ಈಗ ಇಳಿಸಿದರೆ, ಮರ ಒಣಗುವ ಫೆಬ್ರವರಿಗೆ ಎಲ್ಲವೂ ಇನ್ನಷ್ಟು ಇಳಿದಿರುತ್ತವೆ. ನಡುಭಾಗದಲ್ಲಿ ಒಂದೊಂದು ಸ್ವರಕ್ಕೆ ಮೂರು ತಂತಿ. ಆ ಮೂರರಲ್ಲಿ ತಪ್ಪಿದ್ದನ್ನು ಮಾತ್ರ ಕೂಡಿಸಿದೆ. ಕಿವಿಗೆ ಮೊದಲು ಚುಚ್ಚುವುದು ಅದೇ.

ಮೊದಲು ಜಾಗ ಸರಿಹೋಗಬೇಕು. ಪಿಯಾನೊ ಇಷ್ಟು ವರ್ಷ ಇದ್ದದ್ದು ಮಳೆ ಬಡಿಯುವ ಪಡುಗೋಡೆಗೆ ಆನಿಕೊಂಡು, ಕಿಟಕಿಯ ಕೆಳಗೆ! ಒಳಗೋಡೆಗೆ ಸರಿಸಿದೆವು. ಕೆಳಗಿನ ಪೆಟ್ಟಿಗೆಯೊಳಗೆ 25 ವಾಟ್‌ನ ಹೀಟರ್ ಕಡ್ಡಿ ಕೂರಿಸಿದೆ, ತೇವ ಇಳಿದಾಗ ತಾನೇ ಆರುವಂಥದ್ದು. ಬೇಸಿಗೆಯಲ್ಲೂ ಉರಿಯುತ್ತಲೇ ಇದ್ದರೆ ತಂತಿ ಬಿಗಿಯುವ ಟ್ಯೂನಿಂಗ್ ಪಿನ್‌ಗಳನ್ನು ಹಿಡಿಯುವ ಮರ ಕುಗ್ಗಿ, ಪಿನ್ನುಗಳೇ ಸಡಿಲವಾಗುತ್ತವೆ.

ಜುಲೈ 29

ಹಾಲ್‌ನಲ್ಲಿ ಈಗಲೂ 85%. ಪಿಯಾನೊ ಒಳಗೆ 66%. ‘ಎ’ಯ ಅಲೆ ಮೂರರಿಂದ ಎರಡಕ್ಕೆ ಇಳಿದಿದೆ, ‘ಎಫ್’ ಮತ್ತೆ ಹಿಡಿದುಕೊಂಡಿಲ್ಲ. ಕೆಳಸ್ಥಾಯಿಯ ಶ್ರುತಿ ಇನ್ನೂ ಏರಿಯೇ ಇದೆ. ಕುಡಿದ ನೀರು ಬಿಡಲು ಮರಕ್ಕೆ ವಾರಗಳೇ ಬೇಕು. ಗೌರಿ ಹಬ್ಬ ಕಳೆದ ಮೇಲೆ ಮತ್ತೆ ಅಳೆಯುತ್ತೇನೆ, ಅಲ್ಲಿವರೆಗೆ ಪಿನ್ನುಗಳನ್ನು ಮುಟ್ಟುವುದಿಲ್ಲ.