ಆ ಕೆಂಪು ಪುಟದ ಮೇಲೆ ಎಲ್ಲೂ ಕ್ಲಿಕ್ ಮಾಡಬೇಡಿ

ಏನೋ ಓದುತ್ತಿರುವಾಗ ಇದ್ದಕ್ಕಿದ್ದಂತೆ ಕೆಂಪು ಪುಟವೊಂದು ತೆರೆದುಕೊಳ್ಳುತ್ತದೆ. ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್‌ಗಳು ಸಿಕ್ಕಿವೆ, ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ’ ಎಂಬ ಬರಹ. ಕೆಳಗೆ ನಿಮ್ಮ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಊರಿನ ಹೆಸರು, ನೀವು ಬಳಸುವ ಬ್ರೌಸರ್. ಇಷ್ಟೆಲ್ಲ ಸರಿಯಾಗಿ ಹೇಳುತ್ತಿದೆ ಎಂದ ಮೇಲೆ ವೈರಸ್ ಮಾತೂ ನಿಜವೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಅನ್ನಿಸಲಿ ಎಂದೇ ಅವನ್ನು ಅಲ್ಲಿ ಹಾಕಿರುತ್ತಾರೆ.

ಆ ವಿವರಗಳಲ್ಲಿ ಗುಟ್ಟೇನೂ ಇಲ್ಲ. ಯಾವ ಪುಟ ತೆರೆದರೂ ಐಪಿ ವಿಳಾಸ ಮತ್ತು ಬ್ರೌಸರಿನ ಹೆಸರು ಆ ಸರ್ವರಿಗೆ ಹೋಗಿಯೇ ಹೋಗುತ್ತವೆ. ಐಪಿಯಿಂದ ಊರನ್ನು ಅಂದಾಜು ಮಾಡುವುದು ಸುಲಭ. ಆದರೆ ನಿಮ್ಮ ಡಿಸ್ಕಿನಲ್ಲಿ ಯಾವ ಫೈಲುಗಳಿವೆ ಎಂದು ವೆಬ್ ಪುಟ ತಾನಾಗಿ ನೋಡಲಾರದು. ಬ್ರೌಸರ್ ಅದಕ್ಕೆ ಆ ದಾರಿಯನ್ನೇ ಬಿಟ್ಟಿಲ್ಲ. ‘ಸ್ಕ್ಯಾನ್ 43%’ ಎಂದು ಓಡುವ ಪಟ್ಟಿ ಬರೀ ಅನಿಮೇಷನ್. ಮ್ಯಾಕ್ ಬಳಸುವವರಿಗೂ, ಮ್ಯಾಕ್‌ನಲ್ಲಿ ಇಲ್ಲವೇ ಇಲ್ಲದ ‘ಸಿ ಡ್ರೈವ್’ ಸ್ಕ್ಯಾನ್ ಆಗುತ್ತಿರುವಂತೆ ತೋರಿಸುವ ಪುಟಗಳಿವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಪುಟ ಪರದೆಯನ್ನೆಲ್ಲ ಆವರಿಸಬೇಕಾದರೆ, ಜೋರಾಗಿ ಸದ್ದು ಮಾಡಬೇಕಾದರೆ, ಸಾಮಾನ್ಯವಾಗಿ ಅದಕ್ಕೆ ನಿಮ್ಮ ಒಂದು ಕ್ಲಿಕ್ ಬೇಕು. ಬ್ರೌಸರುಗಳು ಇಟ್ಟಿರುವ ಕಟ್ಟುಪಾಡು ಇದು. ಅದಕ್ಕೇ ಪುಟದ ನಡುವೆ ಚಿಕ್ಕ ಪೆಟ್ಟಿಗೆ, ಅದರ ಮೂಲೆಯಲ್ಲಿ ಮುಚ್ಚುವ ಗುರುತು, ‘ಕ್ಯಾನ್ಸಲ್’ ಬಟನ್ ಎಲ್ಲ ಇರುತ್ತವೆ. ಅವೆಲ್ಲ ಬಿಡಿಸಿಟ್ಟ ಚಿತ್ರಗಳು. ಮುಚ್ಚಲು ಹೋಗಿ ಒತ್ತಿದ ಆ ಕ್ಲಿಕ್ಕೇ ಫುಲ್ ಸ್ಕ್ರೀನ್ ಮಾಡುತ್ತದೆ, ಸೈರನ್ ಶುರು ಮಾಡುತ್ತದೆ, ಮೌಸಿನ ಬಾಣವನ್ನೂ ಕಾಣದಂತೆ ಮಾಡುತ್ತದೆ. ಆಮೇಲೆ ಕಂಪ್ಯೂಟರ್ ‘ಲಾಕ್’ ಆದಂತೆ ಕಾಣುತ್ತದೆ. ನಿಜಕ್ಕೂ ಲಾಕ್ ಆಗಿರುವುದಿಲ್ಲ.

ಹೊರಬರಲು ಮೌಸ್ ಬಿಟ್ಟು ಕೀಬೋರ್ಡಿಗೆ ಬನ್ನಿ. ಎಸ್ಕೇಪ್ ಕೀಯನ್ನು ಒಮ್ಮೆ ತಟ್ಟಿ ಬಿಟ್ಟರೆ ಕೆಲವೊಮ್ಮೆ ಏನೂ ಆಗುವುದಿಲ್ಲ, ಏಕೆಂದರೆ ಕ್ರೋಮ್, ಎಡ್ಜ್‌ಗಳಲ್ಲಿ ಫುಲ್ ಸ್ಕ್ರೀನ್ ಪುಟ ಆ ತಟ್ಟನ್ನು ತಾನೇ ಹಿಡಿದುಕೊಳ್ಳಬಲ್ಲದು. ಎರಡು ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಆಗ ಅದು ತಡೆಯಲಾರದು. ನಂತರ ಆಲ್ಟ್ ಜೊತೆ ಎಫ್4 ಒತ್ತಿ ಕಿಟಕಿ ಮುಚ್ಚಿ. ‘ಪುಟ ಬಿಟ್ಟು ಹೋಗಬೇಕೇ’ ಎಂದು ಬ್ರೌಸರ್ ಕೇಳಿದರೆ ಹೋಗುತ್ತೇನೆ ಎನ್ನಿ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಅದನ್ನು ವಿಂಡೋಸ್ ನೇರವಾಗಿ ಹಿಡಿಯುತ್ತದೆ, ಯಾವ ವೆಬ್ ಪುಟದ ಕೈಗೂ ಸಿಗದು. ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಆರಿಸಿ ‘ಎಂಡ್ ಟಾಸ್ಕ್’ ಕೊಡಿ. ಮ್ಯಾಕ್‌ನಲ್ಲಾದರೆ ಕಮಾಂಡ್, ಆಪ್ಷನ್, ಎಸ್ಕೇಪ್. ಬ್ರೌಸರ್ ಮತ್ತೆ ತೆರೆದಾಗ ‘ಹಿಂದಿನ ಪುಟಗಳನ್ನು ಮರಳಿ ತೆರೆಯಲೇ’ ಎಂದು ಕೇಳುತ್ತದೆ. ಅಲ್ಲಿ ಹೂಂ ಅಂದರೆ ಅದೇ ಪುಟ ಮತ್ತೆ ಎದುರಿಗೆ.

ಬ್ರೌಸರ್ ಮುಚ್ಚಿದ ಮೇಲೂ ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ವೈರಸ್ ಸಿಕ್ಕಿದೆ’, ‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ’ ಎಂಬ ಸಂದೇಶಗಳು ಬರುತ್ತಿದ್ದರೆ ಅದರ ಬೇರು ಬೇರೆ. ಎಂದೋ ಯಾವುದೋ ತಾಣ ‘ನೀವು ರೋಬಾಟ್ ಅಲ್ಲ ಎಂದು ತೋರಿಸಲು ಅಲೌ ಒತ್ತಿ’ ಎಂದಿರುತ್ತದೆ, ನೀವು ಒತ್ತಿರುತ್ತೀರಿ. ಅದು ನೋಟಿಫಿಕೇಷನ್ ಕಳಿಸಲು ಕೊಟ್ಟ ಅನುಮತಿ. ಸಂದೇಶವನ್ನು ಹತ್ತಿರದಿಂದ ನೋಡಿ: ಚಿತ್ರದಲ್ಲಿ ವಿಂಡೋಸ್ ಲಾಂಛನವಿದ್ದರೂ, ಸಣ್ಣ ಅಕ್ಷರದಲ್ಲಿ ಬ್ರೌಸರಿನ ಹೆಸರು, ಎಂದೂ ಕೇಳಿರದ ತಾಣದ ವಿಳಾಸ ಇರುತ್ತದೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ಹೀಗೆ ಹೋಗಿ, ಗುರುತಿಲ್ಲದ ತಾಣಗಳನ್ನೆಲ್ಲ ತೆಗೆದುಹಾಕಿ. ಇದಕ್ಕೆ ಯಾವ ಆಂಟಿವೈರಸ್ಸೂ ಬೇಕಿಲ್ಲ, ದುಡ್ಡೂ ಖರ್ಚಿಲ್ಲ.

ನಿಜವಾದ ಎಚ್ಚರಿಕೆಯೇ ಇರಬಹುದೆಂಬ ಅನುಮಾನ ಉಳಿದರೆ ಸ್ಟಾರ್ಟ್ ಮೆನುವಿನಿಂದ ವಿಂಡೋಸ್ ಸೆಕ್ಯುರಿಟಿಯನ್ನು ನೀವೇ ತೆರೆಯಿರಿ. ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗಿರುವ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ, ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್ ಈಚೆಗೆ ಹಿಡಿದದ್ದು ದಾಖಲಾಗಿರುತ್ತದೆ. ಬೇರೆ ಆಂಟಿವೈರಸ್ ಹಾಕಿಕೊಂಡಿದ್ದರೆ ಅದನ್ನೇ ತೆರೆದು ನೋಡಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ. ನಂಬರ್ ಕಂಡಿತೆಂದರೆ ಅಲ್ಲಿಗೆ ತೀರ್ಮಾನವಾಯಿತು.

ಫೋನ್ ಮಾಡಿದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಆ ಕಡೆಯವರು ಸಮಾಧಾನವಾಗಿ, ಗೌರವದಿಂದ ಮಾತಾಡುತ್ತಾರೆ. ವಿಂಡೋಸ್ ತನ್ನೊಳಗಿನ ಆಗುಹೋಗುಗಳನ್ನು ದಾಖಲಿಸಿಡುವ ಈವೆಂಟ್ ವ್ಯೂವರ್ ತೆರೆಸಿ ಕೆಂಪು, ಹಳದಿ ಗುರುತುಗಳ ನೂರಾರು ಸಾಲುಗಳನ್ನು ತೋರಿಸುತ್ತಾರೆ. ಆರೋಗ್ಯವಾಗಿರುವ ಯಾವ ವಿಂಡೋಸ್‌ನಲ್ಲೂ ಅವು ಇದ್ದೇ ಇರುತ್ತವೆ. ಉದಾಹರಣೆಗೆ, ಅಲ್ಲಿ ಪದೇಪದೇ ಕಾಣುವ 10016 ಸಂಖ್ಯೆಯ ಡಿಸ್ಟ್ರಿಬ್ಯೂಟೆಡ್‌ಕಾಮ್ ದಾಖಲೆಯನ್ನು ಕಡೆಗಣಿಸಬಹುದೆಂದು ಮೈಕ್ರೋಸಾಫ್ಟೇ ಹೇಳಿದೆ. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟಿನಲ್ಲಿ ‘ಅಸೋಕ್’ ಎಂದು ಟೈಪ್ ಮಾಡಿಸಿ, ಕೊನೆಯಲ್ಲಿ ಬರುವ 888ಡಿಸಿಎ60 ಎಂದು ಶುರುವಾಗುವ ಉದ್ದನೆಯ ಸಂಖ್ಯೆಯನ್ನು ‘ಇದು ನಿಮ್ಮ ಕಂಪ್ಯೂಟರಿನ ಲೈಸೆನ್ಸ್ ನಂಬರ್, ನಮ್ಮ ಬಳಿಯೂ ಇದೇ ಇದೆ, ತಾಳೆ ನೋಡಿ’ ಎನ್ನುತ್ತಾರೆ. ತಾಳೆಯಾಗದೆ ಏನು? ಅದು ಬೇರೆ ವಿಂಡೋಸ್ ಕಂಪ್ಯೂಟರುಗಳಲ್ಲೂ ಇರುವ ಅದೇ ಸಂಖ್ಯೆ. ‘ಟ್ರೀ’ ಕಮಾಂಡ್ ಕೊಟ್ಟಾಗ ಸರಸರನೆ ಹರಿಯುವುದು ಫೋಲ್ಡರುಗಳ ಹೆಸರು, ಸ್ಕ್ಯಾನ್ ಅಲ್ಲ.

ಇಷ್ಟಾದ ಮೇಲೆ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್ ಅಥವಾ ಕ್ವಿಕ್ ಅಸಿಸ್ಟ್ ಮೂಲಕ ಒಳಗೆ ಬರಲು ಕೇಳುತ್ತಾರೆ. ಈ ತಂತ್ರಾಂಶಗಳು ಸಾಚಾ ಆಗಿರುವುದರಿಂದ ಆಂಟಿವೈರಸ್ ತಡೆಯದೇ ಹೋಗಬಹುದು. ಫೋನೇ ಇಲ್ಲದ ಇನ್ನೊಂದು ವಿಧಾನವೂ ಈಚೆಗೆ ಹಬ್ಬಿದೆ: ‘ದೋಷ ಸರಿಪಡಿಸಲು ವಿಂಡೋಸ್ ಮತ್ತು ಆರ್ ಕೀ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಕೊಡಿ’. ಪುಟ ಮೊದಲೇ ನಿಮ್ಮ ಕ್ಲಿಪ್‌ಬೋರ್ಡಿಗೆ (ಕಾಪಿ ಮಾಡಿದ್ದು ಉಳಿಯುವ ಜಾಗ) ಒಂದು ಕಮಾಂಡ್ ತುಂಬಿಟ್ಟಿರುತ್ತದೆ. ಆ ಮೂರು ಹೆಜ್ಜೆಯಲ್ಲಿ ನೀವೇ ನಿಮ್ಮ ಕೈಯಾರೆ ಅದನ್ನು ಓಡಿಸಿದಂತಾಗುತ್ತದೆ. ನಾನು ಅತಿ ಅಪಾಯಕಾರಿ ಎನ್ನುವುದು ಇದನ್ನೇ, ಏಕೆಂದರೆ ಇಲ್ಲಿ ಸಂಶಯ ಬರುವಷ್ಟು ಸಮಯವೇ ಸಿಗುವುದಿಲ್ಲ.

ಈಗಾಗಲೇ ಒಳಗೆ ಬಿಟ್ಟುಕೊಂಡಿದ್ದರೆ ನಾಚಿಕೊಂಡು ಕೂರಬೇಡಿ. ಇದು ಎಂಥವರಿಗೂ ಆಗುತ್ತದೆ. ಮೊದಲು ವೈಫೈ ಆಫ್ ಮಾಡಿ ಅಥವಾ ಕೇಬಲ್ ಕಿತ್ತುಹಾಕಿ. ಬೇರೊಂದು ಸಾಧನದಿಂದ ಪಾಸ್‌ವರ್ಡ್ ಬದಲಿಸಿ. ಇಮೇಲ್ ಮೊದಲು, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಬರುವುದು ಅಲ್ಲಿಗೇ. ಬ್ಯಾಂಕಿಗೆ ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೇ ಕರೆ ಮಾಡಿ, ಹುಡುಕಿ ತೆಗೆದ ನಂಬರಿಗಲ್ಲ. ಆಮೇಲೆ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಿಂದ ರಿಮೋಟ್ ತಂತ್ರಾಂಶ ತೆಗೆಯಿರಿ, ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಕೊಡಿ. ಅದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ಸುಮಾರು 15 ನಿಮಿಷ ತೆಗೆದುಕೊಳ್ಳುತ್ತದೆ. ಅವರು ಹೆಚ್ಚು ಹೊತ್ತು ಒಳಗಿದ್ದರೆ, ಅಥವಾ ಆ ಕಮಾಂಡ್ ಅಂಟಿಸಿ ಎಂಟರ್ ಒತ್ತಿದ್ದರೆ, ಬೇಕಾದ ಫೈಲುಗಳನ್ನು ಉಳಿಸಿಕೊಂಡು ವಿಂಡೋಸನ್ನು ಪೂರ್ತಿ ರೀಸೆಟ್ ಮಾಡುವುದೇ ಸರಿ.

ಕೆಲವು ವಾರಗಳ ಬಳಿಕ ‘ನಿಮ್ಮ ಹಣ ವಾಪಸ್ ಕೊಡುತ್ತೇವೆ’ ಎಂದು ಇನ್ನೊಂದು ಕರೆ ಬರಬಹುದು. ಅದು ಮೊದಲೇ ಮೋಸ ಹೋದವರ ಪಟ್ಟಿಯಿಂದ ಬಂದದ್ದು. ಪರದೆಯ ಮೇಲೆ ನಿಮ್ಮ ಬ್ಯಾಂಕ್ ಪುಟದ ಮೊತ್ತವನ್ನು ಬ್ರೌಸರಿನಲ್ಲೇ ತಿದ್ದಿ, ‘ತಪ್ಪಿ ಹೆಚ್ಚು ಹಣ ಹಾಕಿದೆವು, ಉಳಿದದ್ದನ್ನು ಗಿಫ್ಟ್ ಕಾರ್ಡಿನಲ್ಲಿ ಹಿಂತಿರುಗಿಸಿ’ ಎಂದು ಗೋಗರೆಯುತ್ತಾರೆ. ಅವರು ಲೈನಿನಲ್ಲಿರುವಾಗಲೇ ಎಫ್5 ಒತ್ತಿ ಪುಟವನ್ನು ರಿಫ್ರೆಶ್ ಮಾಡಿದರೆ ಹಳೆಯ ಮೊತ್ತವೇ ಮತ್ತೆ ಕಾಣಿಸುತ್ತದೆ.