ಈ ಕೊಳಗ ಯಾರ ಮನೆಯದು?

ಮಲೆನಾಡಿನ ಒಂದು ಸಣ್ಣ ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಕಾಲೇಜಿನ ವಸ್ತುಸಂಗ್ರಹಾಲಯ ಮತ್ತು ದಾಖಲೆ ಕೊಠಡಿಯ ಹೊಣೆಯೂ ನನ್ನದೇ. ಇರುವುದು ಎರಡು ಕೋಣೆ, ಕೆಲವು ಮರದ ಕಪಾಟು, ಗೋಡೆಗೆ ತಾಗದಂತೆ ನಿಲ್ಲಿಸಿದ ಕಬ್ಬಿಣದ ರ‍್ಯಾಕುಗಳು. ಒಳಗೆ ತಾಳೆಗರಿಯ ಕಟ್ಟುಗಳು, ಕಡತಗಳು, ಕಂದಾಯದ ರಸೀದಿಗಳು, ಅಡಿಕೆ ಸುಲಿಯುವ ಕತ್ತಿಗಳು, ಭತ್ತ ಅಳೆಯುವ ಕೊಳಗ, ಸಿದ್ದೆ, ಸೊಲಿಗೆಗಳು. ಹೆಚ್ಚಿನವು ವಿದ್ಯಾರ್ಥಿಗಳ ಮನೆಗಳಿಂದಲೇ ಬಂದವು. ಹೊಸ ಮನೆ ಕಟ್ಟುವಾಗ ಅಟ್ಟ ಖಾಲಿ ಮಾಡಿದವರು ತಂದುಕೊಟ್ಟವು.

ಈ ಕೆಲಸದಲ್ಲಿ ನಾನು ಕಲಿತದ್ದನ್ನು ಕೊಳಗದ ಮೂಲಕವೇ ಹೇಳುತ್ತೇನೆ. ನಮ್ಮ ಭಾಗದಲ್ಲಿ ಕೊಳಗಕ್ಕೆ ದೊಡ್ಡ ಇತಿಹಾಸವಿದೆ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಜಗಳದ ಬೇರು ಇದ್ದದ್ದು ಕೊಳಗದ ಅಳತೆಯಲ್ಲಿ. ಗೇಣಿ ಭತ್ತ ಅಳೆಸಿಕೊಳ್ಳುವಾಗ ಧಣಿಗಳ ಕೊಳಗ ದೊಡ್ಡದಿರುತ್ತದೆ, ಎಲ್ಲರಿಗೂ ಒಂದೇ ಅಳತೆ ಬೇಕು ಎಂಬುದು ರೈತರ ಬೇಡಿಕೆ. ಎಚ್. ಗಣಪತಿಯಪ್ಪನವರ ರೈತ ಸಂಘ ಅದನ್ನು ಮುನ್ನಡೆಸಿತು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಗೂಡಿದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ 1974ರ ಭೂಸುಧಾರಣೆಯಲ್ಲಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಉಳುವ ನೆಲಕ್ಕೆ ಒಡೆಯರಾಗುವವರೆಗಿನ ದಾರಿಯಲ್ಲಿ ಕಾಗೋಡು ಒಂದು ಮುಖ್ಯ ತಿರುವು. ಇಷ್ಟನ್ನು ಪಾಠದಲ್ಲಿ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಕೊಳಗವನ್ನು ಕೈಗೆ ಕೊಟ್ಟರೆ ಪ್ರಶ್ನೆ ಕೇಳತೊಡಗುತ್ತಾರೆ.

ಹಾಗಾಗಿ ನಾನು ಈ ಪಾಠವನ್ನು ಸಂಗ್ರಹದ ಕೋಣೆಯಲ್ಲೇ ಮಾಡುತ್ತೇನೆ. ನಮ್ಮಲ್ಲಿರುವ ಮೂರು ಕೊಳಗಗಳನ್ನು ಮೇಜಿನ ಮೇಲಿಟ್ಟು, ಒಂದು ಚೀಲ ಭತ್ತ ಮತ್ತು ಲೀಟರಿನ ಅಳತೆಪಾತ್ರೆ ತರಿಸುತ್ತೇನೆ. ವಿದ್ಯಾರ್ಥಿಗಳು ಭತ್ತ ತುಂಬಿ ಅಳೆಯುತ್ತಾರೆ. ಮೂರರಲ್ಲಿ ಒಂದು ಕೊಳಗ ಉಳಿದ ಎರಡಕ್ಕಿಂತ ಸ್ಪಷ್ಟವಾಗಿ ಹೆಚ್ಚು ಹಿಡಿಯುತ್ತದೆ. ಪ್ರತಿ ತಂಡದಲ್ಲೂ ಯಾರಾದರೊಬ್ಬರು ಆಗ ಹೇಳುವ ಮಾತು ಒಂದೇ: 'ಸಾರ್, ಇದು ಧಣಿಗಳ ಕೊಳಗ!'

ಆ ಉತ್ಸಾಹ ನನಗೆ ತುಂಬ ಇಷ್ಟ. ಆದರೂ ಅಲ್ಲಿಯೇ ಅವರನ್ನು ತಡೆಯುತ್ತೇನೆ. ಆ ದೊಡ್ಡ ಕೊಳಗ ಎಲ್ಲಿಂದ ಬಂತು ಎಂಬ ಒಂದು ಸಾಲೂ ನಮ್ಮ ಹಳೆಯ ಪಟ್ಟಿಯಲ್ಲಿಲ್ಲ. 'ಕೊಳಗ, ಒಂದು' ಎಂದಷ್ಟೇ ಇದೆ. ಅದು ಧಣಿಯ ಮನೆಯದಿರಬಹುದು, ಅಂಗಡಿಯದಿರಬಹುದು, ದೇವಸ್ಥಾನದ ಉಗ್ರಾಣದ್ದಿರಬಹುದು, ಬೇರೊಂದು ಸೀಮೆಯದೇ ಆಗಿರಬಹುದು. 1800-01ರಲ್ಲಿ ಮೈಸೂರು ಮತ್ತು ಕೆನರಾ ಸೀಮೆಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಹೋದಲ್ಲೆಲ್ಲ ಅಲ್ಲಲ್ಲಿಯ ಸೇರು, ಕೊಳಗ, ಖಂಡುಗಗಳನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಂಡ. ಊರು ಬದಲಾದರೆ ಅಳತೆಯೂ ಬದಲಾಗುತ್ತಿತ್ತು. ದೇಶಕ್ಕೆಲ್ಲ ಒಂದೇ ಅಳತೆ ಎಂದು ಕಾಯ್ದೆಯಾದದ್ದು 1956ರಲ್ಲಿ. ಮೆಟ್ರಿಕ್ ಅಳತೆಗಳು ಬಳಕೆಗೆ ಬಂದದ್ದು ಅದಾದ ಮೇಲೆ ಹಂತಹಂತವಾಗಿ. ಇನ್ನೊಂದು ತೊಡಕೂ ಇದೆ. ಒಂದೇ ಕೊಳಗವನ್ನು ಬಾಯಿಯ ಸಮಕ್ಕೆ ಕೈಯಲ್ಲಿ ಒರೆಸಿ ಅಳೆದರೆ ಒಂದು ಲೆಕ್ಕ, ಮೇಲೆ ರಾಶಿ ಕಟ್ಟಿ ಅಳೆದರೆ ಇನ್ನೊಂದು ಲೆಕ್ಕ. ವಿದ್ಯಾರ್ಥಿಗಳು ಎರಡೂ ರೀತಿಯಲ್ಲಿ ಅಳೆದು ನೋಡುತ್ತಾರೆ. ಪಾತ್ರೆ ಬದಲಿಸದೆಯೂ ಅಳತೆಯಲ್ಲಿ ಅನ್ಯಾಯ ಮಾಡಬಹುದು ಎಂಬುದು ಆಗ ಅವರಿಗೇ ತಿಳಿಯುತ್ತದೆ.

ಮೂರರಲ್ಲಿ ಒಂದು ಕೊಳಗದ ಕಥೆ ಮಾತ್ರ ಬೇರೆ. ಅದನ್ನು ತಂದುಕೊಟ್ಟ ಕುಟುಂಬ ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಒಂದು ಊರಿನದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮನೆಮಠ ಬಿಟ್ಟು ಬಂದವರು. ಕೊಳಗದ ಜೊತೆಗೆ ಒಂದು ಟ್ರಂಕಿನಲ್ಲಿ ಕಂದಾಯದ ರಸೀದಿಗಳನ್ನೂ ಒಂದು ಕಡತವನ್ನೂ ಕೊಟ್ಟರು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕವೇ ಕಡತ. ಒರೆಸಿ ಮತ್ತೆ ಬರೆಯಬಹುದು. ಹಾಗೆಯೇ ಅಜಾಗರೂಕತೆಯಿಂದ ಒಂದು ಬಟ್ಟೆ ಆಡಿಸಿದರೆ ಇಡೀ ಪುಟ ಹೋಗಿಬಿಡುತ್ತದೆ. ಆ ಕಡತದಲ್ಲಿ ಭತ್ತದ ಲೆಕ್ಕ ಖಂಡುಗ, ಕೊಳಗಗಳಲ್ಲಿದೆ. ಸಾಮಾನ್ಯವಾಗಿ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಆದರೆ ಕೊಳಗವೇ ಎಷ್ಟೆಂದು ಗೊತ್ತಿಲ್ಲದೆ ಖಂಡುಗವನ್ನು ಇಂದಿನ ಅಳತೆಗೆ ತರುವುದು ಹೇಗೆ? ಇಲ್ಲಿ ಲೆಕ್ಕ ಬರೆದ ಮನೆಯ ಕೊಳಗವೇ ನಮ್ಮ ಕೈಯಲ್ಲಿದೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ಕಿರುಪ್ರಬಂಧಕ್ಕಾಗಿ ಆ ಕೊಳಗವನ್ನು ಅಳೆದು, ಕಡತದ ಲೆಕ್ಕವನ್ನು ಲೀಟರಿಗೆ ತಂದು, ಆ ಮನೆಯಲ್ಲಿ ಗೇಣಿ ಅಳೆದು ಕೊಟ್ಟ ಮೇಲೆ ಉಣ್ಣಲು ಎಷ್ಟು ಉಳಿಯುತ್ತಿತ್ತು ಎಂದು ಕೇಳಿದಳು. ಇದು ನಿಜವಾದ ಸಂಶೋಧನೆಯ ಪ್ರಶ್ನೆ. ರಾಜಧಾನಿಯ ಯಾವ ದೊಡ್ಡ ಸಂಗ್ರಹಾಲಯದಲ್ಲಿ ಕುಳಿತರೂ ಇದಕ್ಕೆ ಉತ್ತರ ಸಿಗುತ್ತಿರಲಿಲ್ಲ. ವಸ್ತು, ಕಾಗದ ಮತ್ತು ಅವುಗಳ ನೆನಪು ಉಳಿದ ಮನೆ, ಮೂರೂ ಒಂದೆಡೆ ಇದ್ದದ್ದರಿಂದ ಸಾಧ್ಯವಾಯಿತು.

ಸಸ್ಯಶಾಸ್ತ್ರದವರು ಈ ಶಿಸ್ತನ್ನು ನಮಗಿಂತ ಎಷ್ಟೋ ಮೊದಲೇ ಪಾಲಿಸಿದರು. ಒಣಗಿಸಿ ಅಂಟಿಸಿದ ಗಿಡದ ಹಾಳೆಯ ಮೂಲೆಯಲ್ಲಿ ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು ಇಲ್ಲದಿದ್ದರೆ ಅವರು ಅದನ್ನು ಆಧಾರವೆಂದು ಒಪ್ಪುವುದಿಲ್ಲ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಸಿ.ಜೆ. ಸಲ್ಡಾನಾ ಕಟ್ಟಿದ ಸಸ್ಯಸಂಗ್ರಹ ಹಾಗೆ ಬೆಳೆದದ್ದು. ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬಗ್ಗೆ 1976ರಲ್ಲಿ ಅವರು ಅಮೆರಿಕದ ಸಸ್ಯವಿಜ್ಞಾನಿ ನಿಕೋಲ್ಸನ್ ಜೊತೆಗೂಡಿ ತಂದ ಗ್ರಂಥವನ್ನು ಸಸ್ಯವಿಜ್ಞಾನಿಗಳು ಇಂದಿಗೂ ತೆರೆದು ನೋಡುತ್ತಾರೆ. ಆ ಹಾಳೆಗಳು ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿವೆ. ಒಂದು ಕಾಲೇಜಿನ ಕಪಾಟಿನಿಂದ ಇಷ್ಟು ದೂರ ಹೋಗಬಹುದು ಎಂದು ನಮ್ಮ ಆಡಳಿತ ಮಂಡಳಿಗೆ ನಾನು ಹೇಳುತ್ತಲೇ ಇರುತ್ತೇನೆ. ನಮ್ಮ ಸಸ್ಯಶಾಸ್ತ್ರ ವಿಭಾಗದ ಹಳೆಯ ಹಾಳೆಗಳೂ ಈಗ ನಮ್ಮದೇ ನೋಂದಣಿಗೆ ಸೇರಿವೆ. ಅವನ್ನು ಮಾತ್ರ ಕೈಗವಸು ಹಾಕದೆ ಮುಟ್ಟಲು ಬಿಡುವುದಿಲ್ಲ, ಏಕೆಂದರೆ ಹಿಂದೆ ಹುಳು ಬೀಳದಂತೆ ಹಾಳೆಗಳಿಗೆ ಪಾದರಸದ ಕ್ಲೋರೈಡ್ ಬಳಿಯುವ ರೂಢಿ ಇತ್ತು. ಅದು ವಿಷ.

ಈಗ ಯಾರಾದರೂ ಏನಾದರೂ ತಂದರೆ ಅವರನ್ನು ಮೊದಲು ಕುಳ್ಳಿರಿಸಿ ಮಾತನಾಡಿಸುತ್ತೇವೆ. ಯಾರ ಕಾಲದ್ದು, ಯಾವ ಊರಿನಲ್ಲಿತ್ತು, ಮನೆಯಲ್ಲಿ ಯಾರು ಬಳಸುತ್ತಿದ್ದರು, ಯಾವಾಗ ಬಳಕೆ ನಿಂತಿತು, ಕಾಲೇಜಿಗೆ ಪೂರ್ತಿ ಕೊಡುತ್ತಿದ್ದಾರೋ ಎರವಲೋ, ಎಲ್ಲವನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇವೆ. ಹೆಂಗಸರನ್ನು ಬೇರೆಯಾಗಿ ಕೇಳಬೇಕು. ಗಂಡಸರು ಕೊಳಗದ ಬಗ್ಗೆ ಹೇಳಿದರೆ, ಅದರಲ್ಲಿ ಅಳೆದ ಭತ್ತ ಎಷ್ಟು ದಿನಕ್ಕೆ ಬರುತ್ತಿತ್ತು ಎಂಬುದು ಅಜ್ಜಿಯರಿಗೇ ಗೊತ್ತಿರುತ್ತದೆ. ಆಮೇಲೆ ವಸ್ತುವಿಗೆ ಸಂಖ್ಯೆ. ಲೋಹ ಮತ್ತು ನಯವಾದ ಮರದ ಮೇಲೆ ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳದ ತೆಳು ಲೇಪ ಕೊಟ್ಟು, ಅದರ ಮೇಲೆ ಶಾಯಿಯಲ್ಲಿ ಬರೆದು, ಮತ್ತೊಂದು ಲೇಪ ಕೊಡುತ್ತೇವೆ; ಬೇಡವೆಂದಾಗ ತೆಗೆಯಬಹುದು. ತಾಳೆಗರಿಯ ಕಟ್ಟಿಗೆ ಬಟ್ಟೆಯ ಚೀಟಿ, ಕಾಗದಕ್ಕೆ ಸೀಸದಕಡ್ಡಿ. ಅಂಟುಚೀಟಿ, ಸೆಲೋಟೇಪು, ಲ್ಯಾಮಿನೇಷನ್ ಹತ್ತಿರವೂ ಸುಳಿಯಕೂಡದು. ಮಳೆಗಾಲದಲ್ಲಿ ಬೂಷ್ಟು ನಮ್ಮ ದೊಡ್ಡ ಶತ್ರು. ಆಗಾಗ ತೆರೆದು ನೋಡುತ್ತಿರುವುದೇ ಉಪಾಯ. ತಾಳೆಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುತ್ತೇವೆ.

ಕೆಲವನ್ನು ತೆಗೆದುಕೊಳ್ಳುವುದೇ ಇಲ್ಲ. ಹೊಲದಲ್ಲಿ ನಿಂತ ವೀರಗಲ್ಲನ್ನು ಕಾಲೇಜಿಗೆ ಸಾಗಿಸಬೇಡಿ, ನಾವೇ ಬಂದು ಚಿತ್ರ ತೆಗೆದು, ಅಳೆದು, ಬರಹವಿದ್ದರೆ ಪಡಿಯಚ್ಚು ತೆಗೆಯುತ್ತೇವೆ ಎನ್ನುತ್ತೇವೆ. ಕಲ್ಲು ನಿಂತ ಜಾಗವೇ ಅದರ ಅರ್ಧ ಮಾತು. ನೆಲ ಅಗೆಯುವಾಗ ಸಿಕ್ಕ ನಾಣ್ಯಗಳನ್ನು ಸರ್ಕಾರಕ್ಕೆ ತಿಳಿಸಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು, ಎಪ್ಪತ್ತೈದು ದಾಟಿದ ಹಸ್ತಪ್ರತಿ ಪ್ರಾಚ್ಯವಸ್ತುವಾಗಬಹುದು. ಇದನ್ನು ತಿಳಿಯದೆ ಕಪಾಟು ತುಂಬಿಸುವುದು ಕಾಲೇಜಿಗೂ ಕೊಟ್ಟವರಿಗೂ ತೊಂದರೆ.

ಗೇಣಿಯ ಕಾಗದಗಳದ್ದು ಇನ್ನೂ ಸೂಕ್ಷ್ಮವಾದ ವಿಷಯ. ಧಣಿಗಳಾಗಿದ್ದವರ ಮೊಮ್ಮಕ್ಕಳೂ ಗೇಣಿ ಮಾಡಿದವರ ಮೊಮ್ಮಕ್ಕಳೂ ನಮ್ಮ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಹಳೆಯ ಧಣಿಗಳ ಮನೆಯವರೊಬ್ಬರು ತಮ್ಮ ಲೆಕ್ಕದ ಪುಸ್ತಕಗಳನ್ನು ಕೊಡಲು ಮುಂದೆ ಬಂದರು. ಜೊತೆಗೇ, ನಮ್ಮ ಅಜ್ಜನನ್ನು ತರಗತಿಯಲ್ಲಿ ಆಡಿಕೊಳ್ಳುತ್ತಾರೇನೋ ಎಂದು ಅಳುಕಿದರು. ಅವರ ಅಳುಕು ನನಗೆ ಅರ್ಥವಾಗುತ್ತದೆ. ಹಾಗೆಂದು ಇತಿಹಾಸವನ್ನು ಮೆತ್ತಗೆ ಮಾಡಲು ನಾನು ಒಪ್ಪುವುದಿಲ್ಲ. ಪುಸ್ತಕಗಳನ್ನು ಸಂಶೋಧನೆಗೆ ತೆರೆದಿಡುತ್ತೇವೆ, ಆದರೆ ಬದುಕಿರುವವರ ಮನೆತನದ ಹೆಸರು ಮುದ್ರಣಕ್ಕೆ ಹೋಗುವ ಮುನ್ನ ಎರಡೂ ಕಡೆಯವರಿಗೆ ತಿಳಿಸುತ್ತೇವೆ ಎಂದು ಬರೆದುಕೊಟ್ಟೆವು. ಪುಸ್ತಕಗಳು ಬಂದವು. ಧಣಿಗಳ ಲೆಕ್ಕ ಮತ್ತು ಗೇಣಿದಾರರ ಮನೆಯ ನಮೂನೆ 7ರ ಪ್ರತಿಗಳನ್ನು ಒಂದೇ ಮೇಜಿನ ಮೇಲಿಟ್ಟು ಓದುವ ತರಗತಿ ನಮ್ಮ ಕಾಲೇಜಿನಲ್ಲಿ ಈಗ ನಡೆಯುತ್ತಿದೆ, ಮತ್ತು ಮಕ್ಕಳು ನಾವು ಹೆದರಿದ್ದಕ್ಕಿಂತ ಎಷ್ಟೋ ಪ್ರೌಢವಾಗಿ ಮಾತನಾಡುತ್ತಾರೆ.

ಗಾಜಿನ ಪ್ರದರ್ಶನ ಪೆಟ್ಟಿಗೆಗಳಿಗೆಂದು ಈ ವರ್ಷ ಸ್ವಲ್ಪ ಹಣ ಮಂಜೂರಾಗಿದೆ. ಅದರ ಬಹುಪಾಲನ್ನು ಒಳ್ಳೆಯ ಧ್ವನಿಮುದ್ರಣ ಯಂತ್ರಕ್ಕೂ ವಿದ್ಯಾರ್ಥಿಗಳ ಓಡಾಟದ ಖರ್ಚಿಗೂ ಬಳಸಲು ಅನುಮತಿ ಕೇಳಿದ್ದೇನೆ. ಅಣೆಕಟ್ಟು ಮುಗಿದಾಗ ಇಪ್ಪತ್ತರ ಹರೆಯದವರಾಗಿದ್ದು ಮುಳುಗಿದ ಊರುಗಳಿಂದ ಬಂದವರಿಗೆ ಈಗ ಎಂಬತ್ತು ದಾಟಿದೆ. ಪೆಟ್ಟಿಗೆಗಳನ್ನು ಮುಂದಿನ ವರ್ಷವೂ ಕೊಳ್ಳಬಹುದು.